ದೊಡ್ಡಮ್ಮನ ಗೋಬರ್ ಗ್ಯಾಸಿಗೆ ನಾನು ಸುರಿದದ್ದು

ದೊಡ್ಡಮ್ಮಾ, ನೀನು ಮೂರು ವರ್ಷ ದೇವರ ನೈವೇದ್ಯ ಬೇಯಿಸಿದ ಗೋಬರ್ ಗ್ಯಾಸಿನಲ್ಲಿ ನನ್ನ ಬೋಟಿನ ಪಾಯಿಖಾನೆಯ ಹೇಸಿಗೆ ಸೇರಿತ್ತು. ಸುರಿದವನು ನಾನೇ. ನಿನಗೆ ಗೊತ್ತಾಗಲಿಲ್ಲ — ಗೊತ್ತಾಗದ ಹಾಗೆ ನಾನು ನೋಡಿಕೊಂಡೆ.

ಎರಡು ಸಾವಿರದ ಇಸವಿ ದಾಟಿದ ಹೊಸತು. ಶಿರಸಿಯ ವರ್ಕ್‌ಶಾಪ್ ಬಿಟ್ಟು ಯಲ್ಲಾಪುರದ ಕಡೆಯ ಹಿನ್ನೀರಿನಲ್ಲಿ ಪ್ರವಾಸಿಗರಿಗೆಂದು ಬೋಟು ಇಳಿಸಿದ್ದೆ. ಕೆಳಗಿನ ಊರಿನವರು ಕುಡಿಯುವುದು ಅದೇ ನೀರು, ಆದ್ದರಿಂದ ಒಂದು ತೊಟ್ಟೂ ಹೊಳೆಗೆ ಬೀಳಕೂಡದು ಎಂಬ ಷರತ್ತಿನ ಮೇಲೆ ಪರವಾನಗಿ ಸಿಕ್ಕಿತು. ದಾರಿ ಎರಡಿತ್ತು. ದಿನವೂ ಎತ್ತಿ ಒಯ್ದು ಖಾಲಿ ಮಾಡುವ ಪೆಟ್ಟಿಗೆ ಕಮೋಡು ಒಂದು. ಬೋಟಿನ ಅಡಿಗೆ ಟ್ಯಾಂಕು ಕೂರಿಸಿ, ದಡಕ್ಕೆ ಬಂದ ಮೇಲೆ ಕೈಪಂಪಿನಿಂದ ಎಳೆಯುವುದು ಇನ್ನೊಂದು. ಪೆಟ್ಟಿಗೆ ಹೊರುವವರು ಯಾರು ಎಂದು ಟ್ಯಾಂಕು ಹಾಕಿಸಿದೆ. ಪರೀಕ್ಷೆಗೆ ಬಂದವರು ನೀರಿಗೆ ಬಿಡುವ ವಾಲ್ವಿಗೆ ಬೀಗ ಹಾಕಿ ಸೀಲು ಒತ್ತಿ ಹೋದರು. ಆ ಸೀಲನ್ನು ನಾನು ಒಮ್ಮೆಯೂ ಒಡೆಯಲಿಲ್ಲ. ಬಹಳ ಕಾಲ ಅದನ್ನೇ ದೊಡ್ಡಸ್ತಿಕೆ ಎಂದುಕೊಂಡಿದ್ದೆ.

ಎಡವಿದ್ದು ದಡದಲ್ಲಿ. ಟ್ಯಾಂಕಿನದನ್ನು ಸುರಿಯಲು ಇಂಗುಗುಂಡಿಯನ್ನು ಬೇಸಗೆಯಲ್ಲಿ ತೋಡಿಸಿದ್ದೆ. ಮಳೆಗಾಲ ಕಳೆದು ಅಣೆಕಟ್ಟು ತುಂಬಿದಾಗ ಗುಂಡಿಯೊಳಗೂ ನೀರು ಮೇಲೆದ್ದು ಬಂತು. ಟ್ಯಾಂಕು ಖಾಲಿ ಮಾಡಲು ಜಾಗವಿಲ್ಲ. ಏರಿ ಹತ್ತಿದರೆ ನಿನ್ನ ಮನೆ, ಕೊಟ್ಟಿಗೆಯ ಹಿಂದೆ ಗೋಬರ್ ಗ್ಯಾಸು. ಎರಡೆಮ್ಮೆಯಲ್ಲಿ ಒಂದನ್ನು ಮಾರಿದ ಮೇಲೆ ಗ್ಯಾಸು ಸಾಲದೆ ನೀನು ಒದ್ದಾಡುತ್ತಿದ್ದೆ. ಮೊದಲು ಕೇಳಿಯೇ ನೋಡಿದೆ, ನೆನಪಿದೆಯಾ — ನಿನ್ನ ಮನೆಯ ಪಾಯಿಖಾನೆಯನ್ನೇ ಅದಕ್ಕೆ ಜೋಡಿಸಿದರೆ ಹೇಗೆ ಎಂದು. ನೀನು ಸಿಟ್ಟು ಮಾಡಲಿಲ್ಲ.

"ಬ್ಯಾಡ ತಮಾ. ಆ ಗ್ಯಾಸಲ್ಲಿ ದೇವರ ನೈವೇದ್ಯ ಮಾಡಲಾಗ್ತಿಲ್ಲೆ" ಎಂದೆ ನೀನು, ಅಷ್ಟೇ.

ಉತ್ತರ ಸ್ಪಷ್ಟವಾಗಿತ್ತು. ಆದರೂ ವಾರದೊಳಗೆ, ಸ್ನೇಹಿತರ ಕೊಟ್ಟಿಗೆಯಿಂದ ಸಗಣಿ ಬಗ್ಗಡ ತಂದು ಹಾಕುತ್ತೇನೆ ಎಂದು ನಿನ್ನನ್ನು ನಂಬಿಸಿದೆ. ಬೋಟಿನ ಟ್ಯಾಂಕಿನದನ್ನು ಮುಚ್ಚಳದ ಡ್ರಮ್ಮುಗಳಲ್ಲಿ ತುಂಬಿ, ಬೆಳಿಗ್ಗೆ ನೀನು ಮಡಿಯುಟ್ಟು ಪೂಜೆಗೆ ಕೂತ ಹೊತ್ತು ನೋಡಿ ಬರುತ್ತಿದ್ದೆ. ಮಡಿಯಲ್ಲಿ ನೀನು ಕೊಟ್ಟಿಗೆಯತ್ತ ಸುಳಿಯುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ನಿನ್ನ ಮಡಿಯನ್ನೇ ಮರೆ ಮಾಡಿಕೊಂಡು ಅದನ್ನು ಕೆಡಿಸಿದೆ.

ಅಷ್ಟಕ್ಕೇ ಮುಗಿದಿದ್ದರೆ... ಇಲ್ಲ, ಮುಗಿಯಲಿಲ್ಲ. ವಾಸನೆಯೆಂದು ಪ್ರವಾಸಿಗರು ಗೊಣಗಿದ್ದಕ್ಕೆ ನಾನು ಟ್ಯಾಂಕಿಗೆ ಧಾರಾಳವಾಗಿ ಫಿನಾಯಿಲ್ ಸುರಿದೆ. ಅದು ನಿನ್ನ ಗ್ಯಾಸಿನ ಗುಂಡಿಗೆ ಹೋಗಿ, ಸಗಣಿ ಕೊಳೆತು ಗ್ಯಾಸಾಗುವುದೇ ನಿಂತಿತು. ನಾನು ಬಂದಾಗ ನೀನು ಕಟ್ಟಿಗೆ ಒಲೆ ಊದುತ್ತಿದ್ದೆ.

"ಗ್ಯಾಸು ಹತ್ತತ್ತೇ ಇಲ್ಲೆ ತಮಾ. ಎಲ್ಲೋ ಮಡಿ ಕೆಟ್ಟೋತೇನ."

ಫಿನಾಯಿಲ್ ಎಂಬುದು ಆ ಕ್ಷಣದಲ್ಲೇ ನನಗೆ ಹೊಳೆಯಿತು. ಬಾಯಿ ಬಿಡಲಿಲ್ಲ. ನೀನು ತಪ್ಪು ನಿನ್ನದೇ ಎಂದುಕೊಂಡು ಒಪ್ಪತ್ತು ಹಿಡಿದೆ. ಆ ವಯಸ್ಸಿನಲ್ಲಿ ಹನ್ನೊಂದು ದಿನ ಒಂದೇ ಊಟ, ಎರಡು ಹೊತ್ತು ತಣ್ಣೀರು ಸ್ನಾನ. ಮೆಟ್ಟಿಲು ಹತ್ತುವಾಗ ನೀನು ಗೋಡೆ ಹಿಡಿಯುತ್ತಿದ್ದೆ. ನಾನು ಫಿನಾಯಿಲ್ ನಿಲ್ಲಿಸಿ ಟ್ಯಾಂಕಿಗೆ ಬರೀ ನೀರು ಹೊಯ್ಯತೊಡಗಿದೆ. ಕೆಲವು ದಿನ ಕಳೆದು ಉರಿ ಮರಳಿತು. ದೇವರು ಕ್ಷಮಿಸಿದ ಎಂದು ನೀನು ಪಾಯಸ ಮಾಡಿ ಮೊದಲು ನನಗೆ ಬಡಿಸಿದೆ. ನಾನು ತಿಂದೆ. ಎರಡನೇ ಸಲವೂ ಹಾಕಿಸಿಕೊಂಡೆ.

ಆಮೇಲೂ ಡ್ರಮ್ಮು ತರುವುದನ್ನು ನಿಲ್ಲಿಸಲಿಲ್ಲ. ನಿಂತದ್ದು ಬೋಟು ಮಾರಿದಾಗ.

ಹೊಳೆ ಉಳಿಯಿತು, ಗ್ಯಾಸೂ ಬಂತು, ಯಾರಿಗೂ ರೋಗ ತಗುಲಲಿಲ್ಲ — ಇಷ್ಟು ವರ್ಷ ಇದನ್ನೇ ಹೇಳಿಕೊಂಡು ಮಲಗಿದೆ. ನಿನ್ನ ನಂಬಿಕೆ ಸರಿಯೋ ತಪ್ಪೋ ಎಂದು ತೀರ್ಮಾನಿಸಲು ನಾನು ಯಾರು? ನೀನು ಬೇಡ ಎಂದಿದ್ದೆ.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ನಿನಗೀಗ ಅಕ್ಷರ ಕಾಣುವುದಿಲ್ಲವೆಂದು ಕೇಳಿದೆ, ಬೇರೆಯವರು ಓದಿ ಹೇಳುವುದು ಬೇಡ. ಭಾನುವಾರ ನಾನೇ ಬಂದು ಜಗುಲಿಯಲ್ಲಿ ಕೂತು ಓದುತ್ತೇನೆ. ಬೈದರೆ ಬೈಸಿಕೊಳ್ಳುತ್ತೇನೆ, ಮಾತು ಬಿಟ್ಟರೂ ಸರಿ. ಆ ಹನ್ನೊಂದು ದಿನ ನಿನ್ನಿಂದ ಯಾವ ತಪ್ಪೂ ಆಗಿರಲಿಲ್ಲ ಎಂಬುದನ್ನು ಮಾತ್ರ ನೀನು ನನ್ನ ಬಾಯಿಂದಲೇ ಕೇಳಬೇಕು.