ಎದೆ ಜೇಬಿನ ಚಪಾತಿ

ಈಚೆಗೆ ಒಂದು ಶನಿವಾರ ನಾನು ನನ್ನ ಗಂಡನನ್ನು ಕಳೆದುಕೊಂಡೆ.

ಗಾಬರಿಯಾಗಬೇಡಿ. (ಅವರು ಈಗ ಪಕ್ಕದ ಕೋಣೆಯಲ್ಲಿ ಗೊರಕೆ ಹೊಡೆಯುತ್ತಿದ್ದಾರೆ. ನಿಶ್ಚಿಂತೆಯಿಂದ ಓದಿ.) ಕಳೆದುಕೊಂಡದ್ದು ಮಾನ್ಮತ್ ಜಂಕ್ಷನ್ ಎಂಬ ಅಮೆರಿಕನ್ ಊರಿನಲ್ಲಿ, ನಮ್ಮ ಮನೆಯ ಹತ್ತಿರದ ಪಾರ್ಕಿನಲ್ಲಿ. ಹಾಡಹಗಲು, ಮೊಣಕಾಲುದ್ದದ ಹಿಮದಲ್ಲಿ. ಬೇಸಿಗೆಯಲ್ಲಿ ನಮ್ಮವರೆಲ್ಲ ಕ್ರಿಕೆಟ್ ಆಡುವ ಮೈದಾನ ಅದು. ಅಲ್ಲಿ ಟೆನಿಸ್ ಬಾಲ್ ಕೂಡ ಕಳೆದುಹೋಗುವುದಿಲ್ಲ. ನನ್ನ ಗಂಡ ಕಳೆದುಹೋದರು.

ಮೊದಲಿನಿಂದ ಹೇಳುತ್ತೇನೆ. ನನ್ನ ಗಂಡ ಆನಂದ್ ಧಾರವಾಡದವರು, ಇಲ್ಲಿ ಔಷಧ ಕಂಪನಿಯೊಂದರಲ್ಲಿ ಕೆಲಸ. ನಲವತ್ತೈದು ದಾಟಿದ ಮೇಲೆ ಗಂಡಸರಿಗೆ ಏನೋ ಒಂದು ಹಿಡಿಯುತ್ತದಂತೆ. ಕೆಲವರು ಕೆಂಪು ಕಾರು ಕೊಳ್ಳುತ್ತಾರೆ, ಕೆಲವರು ಗಿಟಾರ್ ಕಲಿಯುತ್ತಾರೆ. ನಮ್ಮವರಿಗೆ ಸ್ಕೀಯಿಂಗ್ ಹಿಡಿಯಿತು. ಅದೂ ಲಿಫ್ಟು, ಕಾಫಿ ಅಂಗಡಿ, ಆಂಬುಲೆನ್ಸ್ ಇರುವ ರೆಸಾರ್ಟಿನಲ್ಲಿ ಅಲ್ಲ. ‘ಬ್ಯಾಕ್‌ಕಂಟ್ರಿ’ಯಂತೆ. ಅಂದರೆ ಯಾರೂ ಇಲ್ಲದ ಬೆಟ್ಟವನ್ನು ಬೆವರು ಸುರಿಸಿ ಹತ್ತುವುದು, ಆಮೇಲೆ ಜಾರಿಕೊಂಡು ಇಳಿಯುವುದು. ಯಾಕೆ ಹತ್ತಬೇಕಿತ್ತು ಎಂದು ಮಾತ್ರ ಕೇಳಬಾರದು.

ಆಫೀಸಿನ ಗೆಳೆಯ ಮಾರ್ಕ್ ಜೊತೆ ನ್ಯೂ ಹ್ಯಾಂಪ್‌ಶೈರಿನ ಬೆಟ್ಟಕ್ಕೆ ಹೋಗುವುದೆಂದು ತೀರ್ಮಾನವಾಗಿತ್ತು. ಹೋಬೋಕನ್‌ನಲ್ಲಿರುವ ಈ ಮಾರ್ಕ್‌ಗೆ ಮದುವೆಯಾಗಿಲ್ಲ. ಹಾಗಾಗಿ ಅವನನ್ನು ಯಾರೂ ಪ್ರಶ್ನೆ ಕೇಳುವುದಿಲ್ಲ.

ನಾನು ಕೇಳಿದೆ. “ಹಿಮ ಕುಸಿದ್ರೆ?”

“ಅದಕ್ಕ ಬೀಕನ್ ಅದ ಅಲಾ!” ಎಂದು ಅಂಗೈ ಅಗಲದ ಯಂತ್ರ ತೋರಿಸಿದರು. ಎಲ್ಲರೂ ಅದನ್ನು ಎದೆಗೆ ಕಟ್ಟಿಕೊಳ್ಳಬೇಕು. ಅದು ಸದಾ ಸಿಗ್ನಲ್ ಬಿಡುತ್ತಿರುತ್ತದೆ. ಒಬ್ಬ ಹೂತುಹೋದರೆ ಉಳಿದವರು ತಮ್ಮ ಬೀಕನ್ನನ್ನು ಹುಡುಕುವ ಮೋಡ್‌ಗೆ ಹಾಕಿದರೆ ಸಾಕು, ಬಾಣದ ಗುರುತು ದಾರಿ ತೋರಿಸುತ್ತದೆ, ಎಷ್ಟು ದೂರ ಎಂದು ಅಂಕಿ ಹೇಳುತ್ತದೆ. “ನೀ ಸುಮ್ನಿರು, ಎಲ್ಲಾ ಸೇಫ್ ಅದ.”

ಸುಮ್ಮನಿರುವ ಜಾಯಮಾನ ನನ್ನದಲ್ಲ. ಷರತ್ತು ಹಾಕಿದೆ. “ಪ್ರ್ಯಾಕ್ಟೀಸಿಗೆ ನಾನೂ ಬರ್ತೀನಿ. ಆ ಡಬ್ಬಿ ಇಟ್ಕೊಂಡು ನಾನೇ ನಿಮ್ಮನ್ನ ಹುಡುಕ್ತೀನಿ. ಸಿಕ್ಕಿದ್ರೆ ಹೋಗಿ. ಸಿಗ್ಲಿಲ್ವಾ, ಮನೇಲಿ ಕೂತು ಟೀವೀಲಿ ಹಿಮ ನೋಡಿ.”

ಅವರು ಒಪ್ಪಿದರು. ಇಷ್ಟು ವರ್ಷ ಸಂಸಾರ ಮಾಡಿದವಳಿಗೆ ಗಂಡನನ್ನು ಹುಡುಕುವುದು ಎಷ್ಟರ ಕೆಲಸ?

ಆ ಶನಿವಾರ ತರಬೇತಿ ಕೊಡಲು ಬಂದವಳು ಕೆಲ್ಲಿ. ಕಡ್ಡಿಯಂಥ ಹೆಂಗಸು, ಗುಡುಗಿನಂಥ ದನಿ. ಪಾರ್ಕಿಂಗ್ ಲಾಟಿನ ಹಿಮವನ್ನೆಲ್ಲ ಪ್ಲೋ ಗಾಡಿ ತಳ್ಳಿ ತಂದು ಮೈದಾನದಂಚಿನಲ್ಲಿ ಸಾಲಾಗಿ ಗುಡ್ಡೆ ಹಾಕಿತ್ತು. ನನಗೆ ಕಾಣದಂತೆ ಆನಂದ್ ಒಂದು ಗುಡ್ಡೆಯ ಹಿಂದೆ ಮಲಗಿದರು. ಕೆಲ್ಲಿ ನನ್ನ ಕೈಗೆ ಬೀಕನ್ನು, ಸಲಿಕೆ ಕೊಟ್ಟು “ಗೋ!” ಎಂದಳು.

ಹೋದೆ. ಬಾಣ ಎಡಕ್ಕೆ ತೋರಿಸಿತು, ಎಡಕ್ಕೆ ಓಡಿದೆ. ಬಲಕ್ಕೆ ತೋರಿಸಿತು, ಬಲಕ್ಕೆ ಓಡಿದೆ. ಅಂಕಿ ಇಳಿಯುತ್ತದೆ, ಏರುತ್ತದೆ, ಮಾಯವಾಗುತ್ತದೆ. ಒಂದು ಗುಡ್ಡೆಯ ಬಳಿ ಅಂಕಿ ತೀರಾ ಚಿಕ್ಕದಾಯಿತು. ಸಿಕ್ಕರು! ಹಿಮದೊಳಗೇ ಇದ್ದಾರೆಂದುಕೊಂಡು ಸಲಿಕೆ ಹಿಡಿದು ಅಗೆದೇ ಅಗೆದೆ. ಸಿಕ್ಕಿದ್ದು ಯಾರದೋ ಮಗುವಿನ ಒಂಟಿ ಬೂಟು.

ಅಷ್ಟರಲ್ಲಿ ನನ್ನ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ಧಾರವಾಡದಿಂದ ಅತ್ತೆ, ವಿಡಿಯೋ ಕಾಲ್. ಅವರ ಕಾಲ್ ತೆಗೆಯದಿದ್ದರೆ ಇಲ್ಲೇ ಹತ್ತಿರದ ಐಸೆಲಿನ್‌ನಲ್ಲಿರುವ ಅವರ ತಂಗಿಯ ಮಗಳಿಗೆ ಫೋನ್ ಹೋಗುತ್ತದೆ. ತೆಗೆದೆ.

“ಎಲ್ಲಿದ್ದಾನ ಆನಂದ? ಅವಗ ಕೊಡು.”

“ಹುಡುಕ್ತಾ ಇದ್ದೀನಿ ಅತ್ತೆ,” ಎಂದೆ ಏದುಸಿರು ಬಿಡುತ್ತಾ.

“ಹುಡುಕ್ಲಿಕತ್ತೀ? ಯಾಕ, ಜಗಳಾ ಆಡಿದ್ರೇನು?”

ಕೆಲ್ಲಿ ಹತ್ತಿರ ಬಂದು ನಿಂತಿದ್ದಳು. ಫೋನನ್ನು ಒಮ್ಮೆ ನೋಡಿದಳು, ನನ್ನನ್ನು ಒಮ್ಮೆ ನೋಡಿದಳು. ಆಮೇಲೆ ಕೈ ಚಾಚಿದಳು. ಅತ್ತೆಗೆ ಆಮೇಲೆ ಮಾಡುತ್ತೇನೆಂದು ಕಟ್ ಮಾಡಿ, ಏರ್‌ಪೋರ್ಟ್ ಸೆಕ್ಯುರಿಟಿಯಲ್ಲಿ ನಿಂತಂತೆ ಒಂದೊಂದೇ ಬಿಚ್ಚಿಕೊಟ್ಟೆ. ಫೋನು. ಸ್ಮಾರ್ಟ್‌ವಾಚು. ಕಿವಿಯ ಇಯರ್‌ಬಡ್ಸು. ಕಾರಿನ ಕೀ. ಕೊನೆಗೆ, ಹುಟ್ಟುಹಬ್ಬಕ್ಕೆ ಆನಂದ್ ಕೊಡಿಸಿದ್ದ ಬ್ಯಾಟರಿ ಹಾಕಿ ಬೆಚ್ಚಗಾಗುವ ಗ್ಲೌಸು.

“ನೀನು ಇಷ್ಟು ಹೊತ್ತು ಹುಡುಕಿದ್ದು ಬಹುಶಃ ನಿನ್ನ ಕೈಯನ್ನೇ,” ಎಂದಳು ಕೆಲ್ಲಿ.

ವಿಷಯ ಇಷ್ಟೆ. ಎಲೆಕ್ಟ್ರಾನಿಕ್ ವಸ್ತುಗಳೆಲ್ಲ ಗಲಾಟೆ ಎಬ್ಬಿಸುತ್ತವೆ. ಆ ಗಲಾಟೆಯಲ್ಲಿ ಬೀಕನ್‌ಗೆ ನಿಜವಾದ ಸಿಗ್ನಲ್ ಕೇಳಿಸುವುದಿಲ್ಲ, ಇಲ್ಲದ ಕಡೆ ಇದೆ ಎನ್ನುತ್ತದೆ. ಎದೆಗೆ ಕಟ್ಟಿಕೊಂಡಾಗ ಅವನ್ನು ಒಂದು ಗೇಣು ದೂರ ಇಡಬೇಕು. ಹುಡುಕುವಾಗ ಒಂದು ಮೊಳಕ್ಕೂ ತುಸು ಹೆಚ್ಚು. (ಕೆಲ್ಲಿ ಸೆಂಟಿಮೀಟರಿನಲ್ಲಿ ಹೇಳಿದಳು. ಮೈಸೂರಿನಲ್ಲಿ ಮಲ್ಲಿಗೆ ಕೊಂಡವಳಿಗೆ ಮೊಳವೇ ಸಲೀಸು.)

ಬರಿಗೈಯಲ್ಲಿ ಮತ್ತೆ ಹೊರಟೆ. ಈಗ ಬಾಣ ಕುಣಿಯಲಿಲ್ಲ. ಆದರೆ ಸಿಗ್ನಲ್ಲೂ ಬರಲಿಲ್ಲ. ಗುಡ್ಡೆಯಿಂದ ಗುಡ್ಡೆಗೆ ಅಲೆದೆ. ಬೆರಳು ಮರಗಟ್ಟಿತು. ಆಗ ಮೊದಲ ಸಲ ಹೊಳೆಯಿತು. ಇದು ಬೆಟ್ಟವಾಗಿದ್ದರೆ? ಹೂತವರಿಗೆ ಸಿಗುವುದು ಕೆಲವೇ ನಿಮಿಷ ಎಂದು ಕೆಲ್ಲಿ ಬೆಳಿಗ್ಗೆಯೇ ಹೇಳಿದ್ದಳು. ಆ ನಿಮಿಷಗಳನ್ನೆಲ್ಲ ನಾನು ಒಂಟಿ ಬೂಟು ಅಗೆಯುವುದರಲ್ಲಿ ಕಳೆದಿದ್ದೆ.

ಕೊನೆಯ ಗುಡ್ಡೆಯ ಹತ್ತಿರ ಹೋದ ಮೇಲಷ್ಟೇ ಅದು ಬೀಪ್ ಎಂದಿತು. ಅದರ ಹಿಂದೆ ಆನಂದ್ ಆಕಾಶ ನೋಡುತ್ತಾ ಮಲಗಿದ್ದರು. “ಎಷ್ಟೊತ್ತ ಮಾರಾಯ್ತಿ! ನಿದ್ದಿ ಹತ್ತಿತ್ತು.” ನನಗೆ ನಗು ಬಂತು, ಹಿಂದೆಯೇ ಅಳುವೂ ಬಂತು. ಅಳು ಕಾಣಬಾರದೆಂದು ಬೈದೆ.

ಕೆಲ್ಲಿಗೆ ಸಮಾಧಾನವಿರಲಿಲ್ಲ. ಸಿಗ್ನಲ್ ಇಷ್ಟು ತಡವಾಗಿ ಯಾಕೆ ಬಂತು? ಆನಂದರ ಜಾಕೆಟ್ ಜಿಪ್ ಇಳಿಸಿದಳು. ಬೀಕನ್‌ನ ಎಡಕ್ಕೆ ಸ್ವಂತ ಫೋನು, ಬಲಕ್ಕೆ ಆಫೀಸಿನ ಫೋನು. (ವೀಕೆಂಡಿನಲ್ಲೂ ಆನ್ ಕಾಲ್.) ಇನ್ನು ಬೀಕನ್ನಿಗೆ ಒತ್ತಿಕೊಂಡಂತೆ, ಎದೆ ಜೇಬಿನಲ್ಲಿ, ಬೆಳ್ಳಿಯಂತೆ ಹೊಳೆಯುವ ಒಂದು ದಪ್ಪ ಪೊಟ್ಟಣ.

“ವಾಟ್ ಈಸ್ ದಿಸ್?”

ಚಪಾತಿ. ಶೇಂಗಾ ಚಟ್ನಿಪುಡಿ, ತುಪ್ಪ ಹಚ್ಚಿ ಸುರುಳಿ ಸುತ್ತಿದ್ದು. ಬೆಳಿಗ್ಗೆ ನಾನೇ ಅಲ್ಯುಮಿನಿಯಂ ಫಾಯಿಲಿನಲ್ಲಿ ಎರಡೆರಡು ಪದರ ಸುತ್ತಿ, “ಬ್ಯಾಗಲ್ಲಿ ಇಟ್ರೆ ತಣ್ಣಗಾಗತ್ತೆ, ಮೈಗೆ ಹತ್ತಿರ ಇಟ್ಕೊಳ್ಳಿ” ಎಂದು ನನ್ನ ಕೈಯಾರೆ ತುರುಕಿದ್ದೆ. ಫೋನುಗಳ ಜೊತೆಗೆ ಈ ಫಾಯಿಲ್ ಕೂಡ ಸಿಗ್ನಲ್ಲಿಗೆ ಅಡ್ಡ ಬರುತ್ತದಂತೆ. ಈ ದೇಶದಲ್ಲಿ ಯಾವ ಕನ್ನಡಿಗರ ಮನೆಯಿಂದ ಯಾರು ತಾನೇ ಫಾಯಿಲ್ ಪೊಟ್ಟಣವಿಲ್ಲದೆ ಹೊರಬಿದ್ದಿದ್ದಾರೆ? ಎರಡು ಗಂಟೆ ಡ್ರೈವ್ ಮಾಡುವವರಿಗೂ ಪುಳಿಯೋಗರೆ ಕಟ್ಟಿಕೊಡುತ್ತೇವೆ, ನಡುವೆ ಬರಗಾಲ ಬಿದ್ದಿದೆಯೇನೋ ಎಂಬಂತೆ.

ಕೆಲ್ಲಿ ಒಂದು ಚಪಾತಿ ತಿಂದಳು. ಇನ್ನೊಂದನ್ನು ಕೇಳಿ ತಿಂದಳು. “ಬ್ಯಾಗಿನ ತಳದಲ್ಲಿಡಿ. ಆದರೆ ತರುವುದನ್ನು ಮಾತ್ರ ಬಿಡಬೇಡಿ,” ಎಂದು ತೀರ್ಪು ಕೊಟ್ಟಳು.

ಆಮೇಲೆ ಜೇಬುಗಳನ್ನೆಲ್ಲ ಖಾಲಿ ಮಾಡಿ, ಬೀಕನ್ ಒಂದನ್ನೇ ಕಟ್ಟಿಕೊಂಡು ಆನಂದ್ ಇನ್ನೊಂದು ಕಡೆ ಬಚ್ಚಿಟ್ಟುಕೊಂಡರು. ಬಾಣ ಹಿಡಿದು ನೆಟ್ಟಗೆ ನಡೆದೆ. ಕೈ ಹಿಡಿದು ಎಬ್ಬಿಸಿದೆ. ಷರತ್ತು ನನ್ನದೇ, ಸೋತವಳೂ ನಾನೇ. ಅವರು ಹೋಗುವುದು ಖಾತ್ರಿಯಾಯಿತು.

“ಆದ್ರೆ ಲೈವ್ ಲೊಕೇಶನ್ ಆನ್ ಇರ್ಲಿ,” ಎಂದೆ ಕಡೆಯ ಆಸೆಯಿಂದ.

ಕೆಲ್ಲಿ ಬೇಡವೆಂದು ತಲೆಯಾಡಿಸಿದಳು. ಬೆಟ್ಟ ಹತ್ತುವಾಗ ಫೋನ್ ಆಫ್. ತುರ್ತು ಬಿದ್ದರೆ ಮಾತ್ರ ಆನ್.

ಮನೆಗೆ ಬರುವ ದಾರಿಯಲ್ಲಿ ಅದೇ ಯೋಚನೆ. ನಮ್ಮ ಪ್ರೀತಿಯೆಲ್ಲ ಈಗ ಬ್ಯಾಟರಿಯ ಮೇಲೆ ನಡೆಯುತ್ತಿದೆ. ಅವರು ಐಸೆಲಿನ್‌ಗೆ ಕರಿಬೇವು ತರಲು ಹೋದರೂ ನಾನು ಫೋನಿನ ಮ್ಯಾಪಿನಲ್ಲಿ ಅವರ ನೀಲಿ ಚುಕ್ಕೆ ನೋಡುತ್ತಿರುತ್ತೇನೆ. ಚುಕ್ಕೆ ಅಲ್ಲಿನ ಇಂಡಿಯನ್ ಅಂಗಡಿಗಳ ಬೀದಿ ಓಕ್ ಟ್ರೀ ರೋಡಿನಲ್ಲಿ ಹೆಚ್ಚು ಹೊತ್ತು ನಿಂತರೆ ಸಮೋಸ ತಿನ್ನುತ್ತಿದ್ದಾರೆಂದು ಗೊತ್ತಾಗುತ್ತದೆ. ಗ್ಲೌಸು ಅವರ ಪ್ರೀತಿ, ಫಾಯಿಲ್ ನನ್ನ ಪ್ರೀತಿ, ವಿಡಿಯೋ ಕಾಲ್ ಅತ್ತೆಯ ಪ್ರೀತಿ. ಮೂರೂ ಸೇರಿ ಮನುಷ್ಯನನ್ನು ಪತ್ತೆಯೇ ಆಗದಂತೆ ಮುಚ್ಚಿಹಾಕಿದ್ದವು.

ಮೊನ್ನೆ ಶನಿವಾರ ಅವರು ಬೆಟ್ಟ ಹತ್ತಿದರು. ನಾನು ಅಡುಗೆಮನೆ ಒರೆಸಿದೆ, ಒರೆಸಿದ್ದನ್ನೇ ಮತ್ತೆ ಒರೆಸಿದೆ. ಫೋನಿನಲ್ಲಿ ನೀಲಿ ಚುಕ್ಕೆ ಇಲ್ಲ. ಹೆದರಿಕೆ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಅಷ್ಟರಲ್ಲಿ ಅತ್ತೆಯ ವಿಡಿಯೋ ಕಾಲ್ ಬಂತು, ಮುಖದ ತುಂಬಾ ಗಾಬರಿ.

“ಆನಂದನ ಫೋನ್ ಹತ್ತವಲ್ದಲ್ಲ! ಏನಾತು ಅವಗ?”

“ಫೋನ್ ಆಫ್ ಮಾಡಿದ್ದಾರೆ ಅತ್ತೆ,” ಎಂದೆ. “ಅಂದ್ರೆ ನಮ್ ಮಾತು ಕೇಳ್ದೆ ಹುಷಾರಾಗಿದ್ದಾರೆ.”