ಸುಟ್ಟ ಗುಡ್ಡದ ಹೂವು ಮತ್ತು ಪಾಂಡುರಂಗ ಮಾಸ್ತರು

ನಮ್ಮ ಮನೆಯ ಬಾಗಿಲ ಪಕ್ಕ ಒಂದು ಜೊತೆ ಕ್ಯಾನ್ವಾಸ್ ಬೂಟುಗಳಿವೆ. ನನ್ನವಲ್ಲ, ನನ್ನ ಹೆಂಡತಿ ಸುಮಿತ್ರಾಳವು. ಇವತ್ತು ಬೆಳಿಗ್ಗೆ ಹಾಲು ತರಲು ಹೊರಟಾಗ ಅವುಗಳ ತಳಕ್ಕೆ ಕೆಂಪು ಮಣ್ಣು ಇನ್ನೂ ಹಸಿಹಸಿಯಾಗಿ ಮೆತ್ತಿಕೊಂಡಿರುವುದು ಕಂಡಿತು. ಸವಣೂರಿನ ನಮ್ಮ ಓಣಿಯಲ್ಲಿ ಅರವತ್ತರ ಹತ್ತಿರದ ಹೆಂಗಸೊಬ್ಬಳು ಸೀರೆಯ ಕೆಳಗೆ ಬೂಟು ಹಾಕಿಕೊಂಡು ಹೊರಟರೆ ಕಟ್ಟೆಯ ಮೇಲೆ ಕುಳಿತವರು ಮಾತು ನಿಲ್ಲಿಸಿ ನೋಡುತ್ತಾರೆ. ನಾನೂ ಮೊದಮೊದಲು ಹಾಗೇ ನೋಡುತ್ತಿದ್ದೆ, ಆದರೆ ನನ್ನ ಕಾರಣ ಬೇರೆ. ಇವುಗಳನ್ನು ಕೊಳ್ಳಲು ಅವಳಿಗೆ ಹೇಳಿದವನು ನಾನಲ್ಲ; ಪಾಂಡುರಂಗ ಮಾಸ್ತರು.

ನನ್ನದು ಔಷಧದ ಅಂಗಡಿ. ಹೊಟ್ಟೆಯುರಿಗೆ ಗುಳಿಗೆಯೂ ಇದೆ, ಗುಲಾಬಿ ಬಣ್ಣದ ನೀರೌಷಧವೂ ಇದೆ. ನಾನು ಹೇಳಹೊರಟ ಆ ಮಳೆಗಾಲದಲ್ಲಿ ಎರಡನ್ನೂ ನಾನೇ ಕುಡಿದು, ನುಂಗಿ ನೋಡಿದೆ. ನನ್ನ ಹೊಟ್ಟೆಯ ಕಿಚ್ಚಿಗೆ ಎರಡೂ ನಾಟಲಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ಸುಮಿತ್ರಾಳ ತವರು ಶಿಗ್ಗಾಂವ ತಾಲೂಕಿನ ಹಿರೇಬೆಂಡಿಗೇರಿ. ಊರಾಚೆ ಒಂದು ಗುಡ್ಡ, ಮಲಗಿದ ಎಮ್ಮೆಯಂಥದ್ದು. ಆ ಬೇಸಿಗೆ ಅದಕ್ಕೆ ಬೆಂಕಿ ಬಿತ್ತು. ಬೀಡಿ ಸೇದುವವರು ಎಂದರು ಕೆಲವರು, ಹೊಸ ಹುಲ್ಲಿನ ಆಸೆಗೆ ಯಾರೋ ಹಚ್ಚಿದರು ಎಂದರು ಕೆಲವರು. ಅವಳ ತಮ್ಮ ಬಸವರಾಜ ಫೋನು ಮಾಡಿದ. ಹೋಗಿ ನೋಡಿದರೆ ಗುಡ್ಡದ ಬೆನ್ನು ಪೂರ್ತಿ ಕಪ್ಪು. ಸುಮಿತ್ರಾ ಹಿತ್ತಿಲಲ್ಲಿ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು.

"ಹುಲ್ಲಿಗೆ ಯಾಕ ಅಳ್ತಿ? ಮಳಿ ಬಿದ್ರ ಮತ್ತ ಬರ್ತದ," ಎಂದೆ ನಾನು. ಸಮಾಧಾನ ಹೇಳುವುದರಲ್ಲಿ ನಾನು ಯಾವಾಗಲೂ ಹೀಗೆಯೇ. ಜ್ವರ ಬಂದವರಿಗೂ ನಾಳೆ ಇಳಿಯುತ್ತದೆ ಎಂದು ಚಿಲ್ಲರೆ ಎಣಿಸಿ ಕೊಡುವವನು.

ಮಳೆ ಬಿತ್ತು. ಅದರ ಹಿಂದೆಯೇ ಮಾಸ್ತರೂ ಬಂದರು. ಹಿರೇಕೆರೂರು ತಾಲೂಕಿನ ಚಿಕ್ಕೇರೂರಿನವರು, ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದವರು, ಹೆಂಡತಿ ತೀರಿಕೊಂಡಿದ್ದರು. ಸುಟ್ಟ ನೆಲದಲ್ಲಿ ಮೊದಲು ಯಾವ ಗಿಡ ಏಳುತ್ತದೆ ಎಂದು ನೋಡುವ ಹುಚ್ಚು ಅವರಿಗೆ. ಕುಡಿಯಲು ನೀರು ಕೇಳಿಕೊಂಡು ಬಸವರಾಜನ ಮನೆಗೆ ಬಂದ ದಿನ ಸುಮಿತ್ರಾ ಅಲ್ಲಿದ್ದಳು. ಗುಡ್ಡಕ್ಕೆ ದಾರಿ ಯಾವುದು ಎಂದು ಕೇಳಿದ್ದಕ್ಕೆ, "ನಾ ತೋರಿಸ್ತೇನಿ, ಬರ್ರಿ," ಎಂದು ಎದ್ದವಳು ಮುಂದೆ ಪ್ರತಿ ಭಾನುವಾರ ಎದ್ದಳು.

ನಾನೂ ಜೊತೆಗೆ ಹೋಗುತ್ತಿದ್ದೆ ಎನ್ನಿ. ಆದರೆ ಗುಡ್ಡದ ಬುಡದ ಹುಣಸೆಮರದ ತನಕ ಮಾತ್ರ. ಮೊಣಕಾಲು ನೋವು. ನೋವು ನಿಜವಾದದ್ದೇ, ಆದರೆ ಸುಮಿತ್ರಾ "ಬರ್ರಿ ನೀವೂ" ಎಂದು ಎರಡನೆಯ ಸಲ ಕರೆದಿದ್ದರೆ ಕಡಿಮೆಯಾಗುತ್ತಿತ್ತೇನೋ. ಅಲ್ಲಿ ಚಹದ ಫ್ಲಾಸ್ಕು ಇಟ್ಟುಕೊಂಡು ಕುಳಿತು ಮೇಲೆ ಹೋಗುವ ಛತ್ರಿಗಳನ್ನು ನೋಡುತ್ತಿದ್ದೆ. ಮಳೆ ಜೋರಾದಾಗ ಅವು ಹತ್ತಿರವಾಗುತ್ತಿದ್ದವು. ಗಾಳಿಗೆ ಹಾಗೆ ಕಾಣುತ್ತದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಮರಳಿ ಬರುವಾಗ ಬಸ್ಸಿನಲ್ಲಿ ಅವಳ ಮಾತೆಲ್ಲ "ಪಾಂಡುರಂಗ ಮಾಸ್ತರು ಹೇಳಿದ್ರು" ಎಂದೇ ಶುರುವಾಗುತ್ತಿತ್ತು. ಬೂದಿಯೊಳಗಿಂದ ನೆಲತಾಳೆಯ ಹಳದಿ ನಕ್ಷತ್ರದಂಥ ಹೂವು ಬಂದಿದೆಯಂತೆ. ಒಣಹುಲ್ಲು ಸುಟ್ಟು ಹೋದದ್ದರಿಂದ ನೆಲದೊಳಗಿನ ಗಡ್ಡೆಗಳಿಗೆ ಬಿಸಿಲು ಸಿಕ್ಕಿತಂತೆ. ಒಂದು ದಿನ ನಾನು ಶಿಗ್ಗಾಂವದ ಬಸ್ ಸ್ಟ್ಯಾಂಡಿನಲ್ಲಿ ಒಂದು ಮೊಳ ಮಲ್ಲಿಗೆ ಕೊಂಡು ಅವಳ ಕೈಗಿಟ್ಟೆ. ಎಷ್ಟೋ ವರ್ಷಗಳ ಮೇಲೆ ಮಾಡಿದ ಕೆಲಸ. ತೊಡೆಯ ಮೇಲಿಟ್ಟುಕೊಂಡು ಕಾಡು ಅರಿಸಿನದ ಹೂವಿನ ವಿಷಯ ಹೇಳುತ್ತ ಹೇಳುತ್ತ ಅವಳು ಇಳಿದುಬಿಟ್ಟಳು. ನನ್ನ ಮಲ್ಲಿಗೆ ಬಸ್ಸಿನ ಜೊತೆ ಮುಂದೆ ಹೋಯಿತು.

ಶ್ರಾವಣದ ಒಂದು ಭಾನುವಾರ ನನಗೆ ತಡೆಯಲಾಗಲಿಲ್ಲ. ಅವರು ಹೋದ ಸ್ವಲ್ಪ ಹೊತ್ತಿಗೆ ನಾನೂ ಹತ್ತಿದೆ, ಪೊದೆ ಹಿಡಿದು, ಕಲ್ಲು ಹಿಡಿದು, ಒಂದೆರಡು ಕಡೆ ಮಗುವಿನಂತೆ ಅಂಬೆಗಾಲಿಟ್ಟು. ನೆತ್ತಿ ಹತ್ತಿರ ಬಂದಾಗ ನಗೆ ಕೇಳಿಸಿತು. ಸುಮಿತ್ರಾಳದೇ ದನಿ, ಆದರೆ ಆ ನಗೆಯನ್ನು ನಾನು ನಮ್ಮ ಮನೆಯಲ್ಲಿ ಕೇಳಿರಲಿಲ್ಲ. ಒಂದು ಬಂಡೆಯ ಹಿಂದೆ ನಿಂತೆ.

ಗುಡ್ಡದ ಬೆನ್ನಿನ ಉದ್ದಕ್ಕೂ ಹೂವು. ಕರಕಲಾದ ಕಂಟಿಗಳ ನಡುವೆ ಗೌರಿಹೂವಿನ ಕೆಂಪು, ಹಳದಿ; ಕಲ್ಲಿನ ಸಂದಿಯಲ್ಲೆಲ್ಲ ಕರ್ಣಕುಂಡಲದ ಗುಲಾಬಿ. ಮಾಸ್ತರು ಮೊಣಕಾಲೂರಿ ಭೂತಗನ್ನಡಿಯಿಂದ ಯಾವುದೋ ಎಲೆ ನೋಡುತ್ತಿದ್ದರು. ಸುಮಿತ್ರಾ ಕಲ್ಲಿನ ಮೇಲೆ ಕುಳಿತು ಹೇಳುತ್ತಿದ್ದಳು:

"ಮ್ಯಾಟ್ರಿಕ್ ಪಾಸಾದ ವರ್ಷರಿ. ಹುಡುಗ್ಯಾರೆಲ್ಲ ಶಿಗ್ಗಾಂವಿ ಕಾಲೇಜಿಗೆ ಹ್ವಾದ್ರು, ನನಗ ನಮ್ಮಜ್ಜ ಬ್ಯಾಡ ಅಂದ. ದಿನಾ ಮುಂಜಾನೆ ಇಲ್ಲಿ ಬಂದು ಕುಂದರ್ತಿದ್ನಿ. ಅವರ ಬಸ್ಸು ಹೋಗೂದು ಇಲ್ಲಿಂದ ಕಾಣ್ತಿತ್ತು. ಅವರ ಹೆಸರ ಹೂವಿಗೆ ಇಟ್ಟಿದ್ನಿ. ಇದು ಶಾಂತಾ. ಆ ಹಳದಿದು ಕಸ್ತೂರಿ. ಒಂದಿನ ಹೊಟ್ಟಿಕಿಚ್ಚು ತಡಿಲಾರದ ಕಸ್ತೂರಿನ್ನ ಬೇರ ಸಮೇತ ಕಿತ್ತು ಒಗದಿದ್ನಿ."

"ಈಗ ಮತ್ತ ಬಂದಾಳಲ್ರಿ," ಎಂದರು ಮಾಸ್ತರು.

"ಬಂದಾಳ. ಬೆಂಕಿಗೂ ಹೋಗಲಿಲ್ಲ ಆಕಿ," ಎಂದು ಅವಳು ಮತ್ತೆ ನಕ್ಕಳು.

ನನ್ನ ಕಾಲು ಜಾರಿತು. ಇಬ್ಬರೂ ತಿರುಗಿ ನೋಡಿದರು. ಮಾಸ್ತರು ಎದ್ದು ಬಂದು ನನ್ನ ರಟ್ಟೆ ಹಿಡಿದು, "ಬರ್ರಿ, ಇಲ್ಲೆ ಕುಂಡ್ರಿ. ಮಣಕಾಲು ಹ್ಯಾಂಗ ಅದಾವು?" ಎಂದು ವಿಚಾರಿಸಿದರು. ಮನುಷ್ಯ ಕೆಟ್ಟವನಾಗಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಬಸ್ಸಿನಲ್ಲಿ ಕೇಳಿದೆ, "ಈ ಮಾತು ನನಗ ಯಾಕ ಹೇಳಿಲ್ಲ?"

"ಅವರು ಕೇಳಿದ್ರು," ಎಂದಳು. ಸಿಟ್ಟಿನಿಂದಲ್ಲ. "ಸಣ್ಣಾಕಿದ್ದಾಗ ಇಲ್ಲಿ ಯಾರ ಜೋಡಿ ಬರ್ತಿದ್ರಿ ಅಂತ ಕೇಳಿದ್ರು. ಯಾರ ಜೋಡಿನೂ ಇಲ್ಲ ಅಂದ್ನಿ. ಹಂಗ ಮಾತು ಬಂತು."

ಮರುವರ್ಷ ಮಾಸ್ತರು ಮಗಳ ಮನೆಗೆ ಧಾರವಾಡಕ್ಕೆ ಹೋದರು. ಸುಮಿತ್ರಾ ಗುಡ್ಡ ಬಿಡಲಿಲ್ಲ. ಈಗ ಬಸವರಾಜನ ಮಗಳು ಜೊತೆಗಿರುತ್ತಾಳೆ. ನಾನು ಅರ್ಧ ಗುಡ್ಡದ ತನಕ ಬಡ್ತಿ ಪಡೆದಿದ್ದೇನೆ. ಕೇಳುವುದನ್ನೂ ಕಲಿಯುತ್ತಿದ್ದೇನೆ, ತಡವಾಗಿ ಸೈಕಲ್ ಕಲಿಯುವವನಂತೆ ಬೀಳುತ್ತ ಏಳುತ್ತ.

ಇವತ್ತು ಹಾಲು ತಂದವನು ಅಡುಗೆಮನೆಯ ಹೊಸ್ತಿಲಲ್ಲೇ ನಿಂತು ಕೇಳಿದೆ, "ನಮ್ಮ ಮದುವಿ ಗೊತ್ತಾದ ದಿನಾನೂ ಗುಡ್ಡಕ್ಕ ಹೋಗಿದ್ದೇನು?"

ಚೇಷ್ಟೆ ಮಾಡುತ್ತಿದ್ದೇನೆಯೇ ಎಂದು ಅವಳು ಮುಖ ನೋಡಿದಳು. "ಹೋಗಿದ್ನಿ."

"ಏನ ವಿಚಾರ ಮಾಡಿದಿ?"

ಹಾಲಿನ ಪಾತ್ರೆಯನ್ನು ಒಲೆಯ ಮೇಲಿಟ್ಟು, ಉರಿ ಸಣ್ಣದು ಮಾಡಿ ಹೇಳಿದಳು. "ಸವಣೂರಾಗ ಕಾಲೇಜು ಐತಿ ಅಂತ ಯಾರೋ ಹೇಳಿದ್ರು. ಹುಡುಗ ಕಲತಾವ ಅದಾನ, ನನ್ನೂ ಕಳಸ್ತಾನ ಅಂದ್ಕೊಂಡಿದ್ನಿ. ದಿನಾ ಯಾವ ಸೀರಿ ಉಟ್ಕೊಂಡು ಹೋಗೂದು ಅಂತನೂ ವಿಚಾರ ಮಾಡಿದ್ನಿ." ಆಮೇಲೆ ಸಕ್ಕರೆ ಡಬ್ಬಿ ತೆಗೆದಳು.

ಅಂಗಡಿಗೆ ಬಂದು ಕುಳಿತಿದ್ದೇನೆ, ಮಾತ್ರೆ ಕೇಳಿದವರಿಗೆ ಮುಲಾಮು ಕೊಡುತ್ತಿದ್ದೇನೆ. ಮಾಸ್ತರರ ಮೇಲಿನ ಕಿಚ್ಚು ಯಾವಾಗ ಆರಿತೋ ತಿಳಿಯದು. ಈಗಿನದು ಇನ್ನೊಬ್ಬನ ಮೇಲೆ. ಗುಡ್ಡದ ಮೇಲೆ ಒಬ್ಬಳೇ ಕುಳಿತ ಒಂದು ಹುಡುಗಿ ಒಂದು ಇಡೀ ದಿನ ಮನಸ್ಸಿನಲ್ಲಿ ತುಂಬಿಕೊಂಡಿದ್ದ ಆ ಸವಣೂರಿನ ವರ. ಹೆಸರು ನನ್ನದೇ, ಮುಖವೂ ನನ್ನದೇ ಇದ್ದಿರಬೇಕು. ನಾನು ಕಳಿಸಲಿಲ್ಲ. ಅವನು ಅವಳನ್ನು ಕಾಲೇಜಿಗೆ ಕಳಿಸಿದ್ದ.