ಮೂರನೆಯ ಡಾಕ್ಟರರು

ಬಂಟ್ವಾಳದ ಆ ಡಾಕ್ಟರರು ಯಾರೇ ಬಂದರೂ ಕನ್ನಡಕವನ್ನು ಹಣೆಗೇರಿಸಿ ಮೊದಲು ಹೇಳುತ್ತಿದ್ದದ್ದು ಒಂದೇ ಮಾತು: "ನಾಲಗೆ ತೋರಿಸಿ, ಉಳಿದದ್ದು ಮತ್ತೆ." ಹಂಚಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ನನ್ನ ಅಮ್ಮನಿಗೆ ಆಗಷ್ಟೇ ಸರಕಾರದ ವಿಮೆ ಕಾರ್ಡು ಸಿಕ್ಕಿತ್ತು. ಅದನ್ನು ಕಂಡೊಡನೆ, ಸರಕಾರದಿಂದ ದುಡ್ಡು ಬರುವುದು ತಡವೆಂದು, ಬೇರೆ ಇಬ್ಬರು ಡಾಕ್ಟರರು "ನಾಳೆ ಬಾ" ಎಂದು ಕಳಿಸಿದ್ದರು. ಹಾಗಾಗಿ ಇಲ್ಲಿ ಅವಳು ಕಾರ್ಡನ್ನು ಸೊಂಟಕ್ಕೆ ಸಿಕ್ಕಿಸಿ ಸೆರಗು ಮುಚ್ಚಿಕೊಂಡಿದ್ದಳು. ಹೊಟ್ಟೆ ಒತ್ತಿ ನೋಡುವಾಗ ಅದು ಅವರ ಬೆರಳಿಗೆ ಸಿಕ್ಕಿತು.

"ಕಾರ್ಡು ಉಂಟಲ್ಲ, ಅಡಗಿಸಿದ್ದು ಯಾಕಮ್ಮ?"

"ತೋರಿಸಿದರೆ ಮದ್ದು ಸಿಗುವುದಿಲ್ಲ, ಡಾಕ್ಟ್ರೇ."

ಅವರು ಮದ್ದು ಬರೆದುಕೊಟ್ಟು, ಅಮ್ಮನ ಜತೆ ಬಾಗಿಲವರೆಗೆ ಬಂದು, ಹೊರಗೆ ಕಾಯುತ್ತಿದ್ದವರಿಗೆ ಹೇಳಿದರು: "ಕಾರ್ಡು ಇದ್ದವರು ಕೈಯಲ್ಲೇ ಹಿಡಿದುಕೊಳ್ಳಿ. ಇಲ್ಲಿ ಅದು ನಡೆಯುತ್ತದೆ."

ಬೆಂಚಿನಲ್ಲಿದ್ದ ಐವರು ಹೆಂಗಸರಲ್ಲಿ ನಾಲ್ವರ ಕೈ ಸೊಂಟಕ್ಕೆ ಹೋಯಿತು.